ಕಷ್ಟದ ಕಥೆ ಬರೆಯುವವರ ಮೇಲೆ ಅನುಮಾನ ಬಂದಾಗ

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಒಬ್ಬ ಮಹಿಳೆ ತಮ್ಮ ಬದುಕಿನ ಕಥೆಯನ್ನು ಕಂತುಗಳಲ್ಲಿ ಬರೆಯುತ್ತಾರೆ. ಬಡತನ, ಹೋಟೆಲಿನಲ್ಲಿ ಲೋಟ ತೊಳೆದಿದ್ದು, ಗಂಡನ ಹೊಡೆತ, ಮನೆ ಬಿಟ್ಟು ಬಂದಿದ್ದು, ಈಗ ತಮ್ಮನ ಡಯಾಲಿಸಿಸ್. ಓದಿ ಎಷ್ಟೋ ಸಲ ಅತ್ತಿದ್ದೇನೆ. ತಮ್ಮನ ಚಿಕಿತ್ಸೆಗೆ ಅಂತ ಯುಪಿಐ ನಂಬರ್ ಹಾಕಿದಾಗ ಮೂರು ಸಾವಿರ ಕಳಿಸಿದೆ. ಆಮೇಲೆ ಹಳೆಯ ಕಂತುಗಳನ್ನು ಮತ್ತೆ ಓದಿದಾಗ ಅನುಮಾನ ಶುರುವಾಯಿತು. ಒಂದು ಕಡೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ ಅಂತಾರೆ, ಇನ್ನೊಂದು ಕಡೆ ಪಿಯುಸಿ ಹಾಸ್ಟೆಲ್ ನೆನಪು ಬರೆಯುತ್ತಾರೆ. ಅಳು ಬರಿಸುವ ಕಂತು ಹಾಕಿದ ಮಾರನೇ ದಿನವೇ ರೇಷ್ಮೆ ಸೀರೆ ಉಟ್ಟು ನಗುವ ಫೋಟೊ. ಗಂಡನ ಹೊಡೆತವನ್ನು ಯಾರದೋ ಮನೆಯ ವಿಷಯದ ಹಾಗೆ ತಣ್ಣಗೆ ಬರೆಯುತ್ತಾರೆ. ಆಸ್ಪತ್ರೆ ಯಾವುದು, ಎಷ್ಟು ದುಡ್ಡು ಬಂತು ಅಂತ ಇಲ್ಲಿವರೆಗೆ ಹೇಳಿಲ್ಲ. ಕಾಮೆಂಟಿನಲ್ಲಿ ಮೆತ್ತಗೆ ಕೇಳಿದ್ದಕ್ಕೆ ಅಭಿಮಾನಿಗಳು ನನಗೆ ಹೃದಯವೇ ಇಲ್ಲ ಅಂದರು. ಗೆಳತಿಯೊಬ್ಬಳು ಆಕೆಯ ಊರಿಗೇ ಹೋಗಿ ವಿಚಾರಿಸೋಣ ಬಾ ಅನ್ನುತ್ತಿದ್ದಾಳೆ. ನಿಜ ತಿಳಿಯುವುದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಅನುಮಾನ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ ಮೇಡಂ. ಶಾಲೆಯ ಲೆಕ್ಕ ಕೂಡುತ್ತಿಲ್ಲ ಅನ್ನುವುದು ಒಂದು. ನಗುವ ಫೋಟೊ, ತಣ್ಣನೆಯ ಬರಹ ಇನ್ನೊಂದು. ದುಡ್ಡಿನ ಲೆಕ್ಕ ಕೊಟ್ಟಿಲ್ಲ ಅನ್ನುವುದು ಮೂರನೆಯದು. ಆತ್ಮಕಥೆಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಆ ಅನುಭವದ ಮೇಲೆ ಹೇಳುವುದಾದರೆ, ಫೋಟೊದ ಅನುಮಾನಕ್ಕೆ ಬೆಲೆಯೇ ಇಲ್ಲ. ಶಾಲೆಯದಕ್ಕೆ ಸ್ವಲ್ಪ ಇದೆ. ದುಡ್ಡಿನದಕ್ಕೆ ಪೂರ್ತಿ ಇದೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಇದರ ತಿರುಗಾಮುರುಗಾ ನಡೆಯುತ್ತದೆ. ಮುಖ ನೋಡಿ ತೀರ್ಪು ಕೊಡುತ್ತೇವೆ, ದುಡ್ಡು ಕೇಳಲು ಸಂಕೋಚ ಪಡುತ್ತೇವೆ.

ಮೊದಲು ಫೋಟೊದ ವಿಷಯ ಮುಗಿಸೋಣ. ಅಮೆರಿಕದ ಸಿಯಾಟಲ್ ಹತ್ತಿರ ಲಿನ್‌ವುಡ್ ಅಂತ ಒಂದು ಊರು. 2008ರಲ್ಲಿ ಅಲ್ಲಿನ ಹದಿನೆಂಟು ವರ್ಷದ ಹುಡುಗಿಯೊಬ್ಬಳು, ಚಾಕು ಹಿಡಿದವನೊಬ್ಬ ಮನೆಗೆ ನುಗ್ಗಿ ಅತ್ಯಾಚಾರ ಮಾಡಿದ ಅಂತ ಪೊಲೀಸರಿಗೆ ದೂರು ಕೊಟ್ಟಳು. ಅವಳನ್ನು ಹಿಂದೆ ಸಾಕಿದ್ದ ಇಬ್ಬರು ಹೆಂಗಸರಿಗೇ ಅವಳ ಮೇಲೆ ಅನುಮಾನ ಬಂತು. ಕಾರಣ? ಅಳಬೇಕಾದಷ್ಟು ಅಳಲಿಲ್ಲ, ವಿಷಯವನ್ನು ತಣ್ಣಗೆ ಹೇಳಿದಳು. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಅನ್ನುವ ಸಣ್ಣ ವಿವರಗಳೂ ಒಂದೊಂದು ಸಲ ಒಂದೊಂದು ಥರ ಬಂದವು. ಪೊಲೀಸರು ಒತ್ತಿ ಒತ್ತಿ ಕೇಳಿದಾಗ ಅವಳು ಸಾಕಾಗಿ, ಸುಳ್ಳು ಹೇಳಿದೆ ಅಂದುಬಿಟ್ಟಳು. ಸುಳ್ಳು ದೂರು ಕೊಟ್ಟಳು ಅಂತ ಅವಳ ಮೇಲೆಯೇ ಕೇಸು ಹಾಕಿದರು. 2011ರಲ್ಲಿ ಕೊಲೊರಾಡೊ ಪೊಲೀಸರು ಒಬ್ಬ ಸರಣಿ ಅತ್ಯಾಚಾರಿಯನ್ನು ಹಿಡಿದರು. ಅವನ ಹತ್ತಿರ ಸಿಕ್ಕ ಫೋಟೊಗಳಲ್ಲಿ ಈ ಹುಡುಗಿಯ ಫೋಟೊ ಇತ್ತು. ಅವಳು ಮೊದಲ ದಿನ ಹೇಳಿದ್ದೆಲ್ಲ ನಿಜವಾಗಿತ್ತು.

ಆಘಾತ ಆದವರು ಒಬ್ಬೊಬ್ಬರು ಒಂದೊಂದು ಥರ ಇರುತ್ತಾರೆ. ಕೆಲವರು ತಮಗಾದದ್ದನ್ನು ದೂರದಿಂದ ನೋಡಿದ ಹಾಗೆ ಹೇಳುತ್ತಾರೆ, ಹಾಗೆ ಹೇಳಿದರೆ ಮಾತ್ರ ಅವರಿಗೆ ಹೇಳಲಿಕ್ಕೆ ಆಗುತ್ತದೆ. ಹತ್ತಾರು ಸಲ ತಿದ್ದಿ ಬರೆದದ್ದಂತೂ ತಣ್ಣಗಾಗಲೇಬೇಕು, ಅದು ಬರವಣಿಗೆಯ ಗುಣ. ಇನ್ನು ರೇಷ್ಮೆ ಸೀರೆ. ಕಷ್ಟದಲ್ಲಿರುವವರ ಮನೆಯಲ್ಲೂ ಮದುವೆ, ನಾಮಕರಣ ಇರುತ್ತವೆ ಅಲ್ವಾ? ಬಡವಳು ಅಂತ ಹೇಳಿಕೊಂಡವಳು ವರ್ಷವಿಡೀ ಹರಿದ ಸೀರೆಯಲ್ಲೇ ಕಾಣಿಸಬೇಕು ಅನ್ನುವ ನಿರೀಕ್ಷೆ ಇದೆಯಲ್ಲ, ನನಗೆ ಅದರ ಮೇಲೆ ಸಿಟ್ಟಿದೆ.

ಈಗ ಶಾಲೆ. ಏಳನೇ ಕ್ಲಾಸಿಗೆ ಬಿಟ್ಟವಳು ಪಿಯುಸಿ ಹಾಸ್ಟೆಲಿಗೆ ಹೇಗೆ ಬಂದಳು? ಬರಬಹುದು. ಒಂದೆರಡು ವರ್ಷ ಕೂಲಿ ಮಾಡಿ ಮತ್ತೆ ಶಾಲೆಗೆ ಸೇರಿದವರು, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವರು ನಮ್ಮ ಹಳ್ಳಿಗಳಲ್ಲಿ ಕಡಿಮೆ ಇಲ್ಲ. ಕಂತಿನ ಬರಹದಲ್ಲಿ ನಡುವಿನ ವರ್ಷಗಳು ಬಿಟ್ಟುಹೋಗುತ್ತವೆ. ನಾನು ತಿದ್ದುವ ಹಸ್ತಪ್ರತಿಗಳಲ್ಲಿ ಇಸವಿ ಸರಿಯಾಗಿ ಕೂಡಿದ್ದು ಕಡಿಮೆ. ನಮ್ಮ ಹಿರಿಯರಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಅಂತ ಇದೆ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಅಲ್ಲಿಂದ ಲೆಕ್ಕ ಹಾಕಿದರೆ ಒಬ್ಬರು ಐದನೇ ವಯಸ್ಸಿಗೆ ಭತ್ತದ ಮೂಟೆ ಹೊತ್ತ ಹಾಗೆ ಆಗುತ್ತದೆ! ಹಾಗಾಗಿ ನಾನು ಇಸವಿ ಕೇಳುವುದೇ ಇಲ್ಲ. ಇಂದಿರಾ ಗಾಂಧಿ ತೀರಿಕೊಂಡಾಗ ನೀವು ಎಲ್ಲಿದ್ದಿರಿ, ನಿಮ್ಮೂರಿಗೆ ಕರೆಂಟು ಬಂದದ್ದು ಅದಕ್ಕೆ ಮೊದಲೋ ಆಮೇಲೋ ಅಂತ ಕೇಳುತ್ತೇನೆ.

ಅದೂ ಗಟ್ಟಿಯೇನಲ್ಲ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆದುಹೋಯಿತು. ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಮಾರನೇ ದಿನವೇ ಎಮೊರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಲಿ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಅಂತ ಬರೆಸಿಟ್ಟರು. ಸುಮಾರು ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಮತ್ತೆ ಕೇಳಿದರು. ಕಾಲು ಭಾಗದಷ್ಟು ಜನ ಮುಖ್ಯ ವಿವರಗಳಲ್ಲಿ ಒಂದನ್ನೂ ಸರಿಯಾಗಿ ಹೇಳಲಿಲ್ಲ. ಹಾಗಂತ ಅವರಿಗೆ ತಮ್ಮ ನೆನಪಿನ ಮೇಲೆ ಅನುಮಾನ ಇತ್ತೇ? ಇಲ್ಲ, ಎಷ್ಟೋ ಜನ ಖಂಡಿತ ಹೀಗೇ ಅಂದರು. ಅವರದೇ ಕೈಬರಹ ತೋರಿಸಿದಾಗಲೂ ಹಳೆಯ ನೆನಪು ವಾಪಸು ಬರಲಿಲ್ಲ. ಸುಳ್ಳು ಹೇಳದೆಯೂ ತಪ್ಪು ಹೇಳಬಹುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಶಾಲೆಯ ವಿಷಯದಲ್ಲಿ ಸುಳ್ಳೇ ಹೇಳಿದ್ದಾರೆ ಅಂದುಕೊಳ್ಳಿ. ಆಗಲೂ ಉಳಿದದ್ದೆಲ್ಲ ಸುಳ್ಳು ಅಂತ ಆಗುತ್ತದಾ? ಇಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ರಿಗೊಬೆರ್ತಾ ಮೆಂಚು ಅವರ ವಿಷಯ ಹೇಳಲೇಬೇಕು. ಮಾಯಾ ಬುಡಕಟ್ಟಿನ ಈ ಹೆಂಗಸು ತನ್ನ ಬದುಕನ್ನು 1982ರಲ್ಲಿ ಪ್ಯಾರಿಸ್ಸಿನಲ್ಲಿ ಬಾಯಿಮಾತಲ್ಲಿ ಹೇಳಿದರು. ಮಾರನೇ ವರ್ಷ ಅದು ಪುಸ್ತಕವಾಯಿತು. 1992ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಮೇಲೆ ಡೇವಿಡ್ ಸ್ಟಾಲ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ ಆ ಊರುಗಳಲ್ಲೆಲ್ಲ ಓಡಾಡಿ, ದಾಖಲೆ ಹುಡುಕಿ, ಹಲವು ವಿವರ ಸರಿಯಿಲ್ಲ ಅಂತ ತೋರಿಸಿದರು. ಶಾಲೆಯ ಮೆಟ್ಟಿಲೇ ಹತ್ತಿಲ್ಲ ಅಂದಿದ್ದ ಮೆಂಚು ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಕೆಲವು ವರ್ಷ ಓದಿದ್ದರು. ತಮ್ಮನನ್ನು ಮನೆಯವರ ಕಣ್ಣೆದುರೇ ಸೈನಿಕರು ಸುಟ್ಟರು ಅಂತ ಪುಸ್ತಕದಲ್ಲಿತ್ತು. ಹುಡುಗನನ್ನು ಸೈನ್ಯ ಕೊಂದದ್ದು ನಿಜ, ಆದರೆ ಪುಸ್ತಕದಲ್ಲಿದ್ದ ಹಾಗೆ ನಡೆಯಲಿಲ್ಲ ಅಂದರು ಸ್ಟಾಲ್. ದೊಡ್ಡ ಗಲಾಟೆಯೇ ಆಯಿತು. ಎಲ್ಲಾ ಕಟ್ಟುಕಥೆ, ಪ್ರಶಸ್ತಿ ವಾಪಸು ತೆಗೆದುಕೊಳ್ಳಿ ಅಂತ ಕೆಲವರು ಕೂಗಿದರು. ನೊಬೆಲ್ ಸಮಿತಿ ಒಪ್ಪಲಿಲ್ಲ.

ಆಕೆಯ ತಂದೆ 1980ರಲ್ಲಿ ಸ್ಪೇನ್ ರಾಯಭಾರ ಕಚೇರಿಯ ಬೆಂಕಿಯಲ್ಲಿ ಸತ್ತದ್ದು ಸತ್ಯ. ತಾಯಿಯನ್ನು ಎತ್ತಿಕೊಂಡು ಹೋಗಿ ಕೊಂದದ್ದು ಸತ್ಯ. 1999ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ ವರದಿ ಕೊಟ್ಟಿತು. ಗ್ವಾಟೆಮಾಲಾದ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ ಸತ್ತರು ಅಥವಾ ಕಾಣೆಯಾದರು, ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ ಜನ ಅಂತ ಅದರಲ್ಲಿದೆ. ಸ್ಟಾಲ್ ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಪರೀಕ್ಷೆ ಮಾಡಿದ್ದು ಸರಿ. ಅದನ್ನು ಓದಿ ಇಡೀ ನೋವೇ ಸುಳ್ಳು ಅಂದವರು ಮಾಡಿದ್ದು ತಪ್ಪು. ಸಮಾಜದ ಕೆಳಗಿನ ಮೆಟ್ಟಿಲಿನಿಂದ ಬಂದವರು ಬರೆದಾಗ ಈ ಆತುರ ಇನ್ನೂ ಜಾಸ್ತಿ ಇರುತ್ತದೆ. ದಲಿತರು, ಹೆಂಗಸರು ತಮ್ಮ ಕಥೆ ಬರೆದಾಗ "ಇಷ್ಟೆಲ್ಲಾ ಆಗಿರಲಿಕ್ಕಿಲ್ಲ ಬಿಡಿ" ಅನ್ನುವ ಮಾತು ನಮ್ಮಲ್ಲೂ ಸುಲಭಕ್ಕೆ ಬರುತ್ತದೆ. ಅದೇ ಜನ ದೊಡ್ಡ ಅಧಿಕಾರಿಯೊಬ್ಬರ ಆತ್ಮಕಥೆ ಓದುವಾಗ ಯಾವ ಲೆಕ್ಕವನ್ನೂ ಕೇಳುವುದಿಲ್ಲ.

ಹಾಗಂತ ಸುಳ್ಳು ಬರೆಯುವವರೇ ಇಲ್ಲ ಅಂತಲ್ಲ. ಚೆನ್ನಾಗಿಯೇ ಇದ್ದಾರೆ. ಜೇಮ್ಸ್ ಫ್ರೇ ಅನ್ನುವ ಅಮೆರಿಕನ್ ಲೇಖಕ ತನ್ನ ಕುಡಿತ, ಜೈಲುವಾಸದ ಕಥೆ ಬರೆದು 2003ರಲ್ಲಿ ಪ್ರಕಟಿಸಿದ. ಅಲ್ಲಿನ ಹೆಸರಾಂತ ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೀ ತಮ್ಮ ಕಾರ್ಯಕ್ರಮದಲ್ಲಿ ಹೊಗಳಿದ ಮೇಲೆ ಲಕ್ಷಗಟ್ಟಲೆ ಪ್ರತಿ ಮಾರಿತು. ತಿಂಗಳುಗಟ್ಟಲೆ ಅಂತ ಬರೆದಿದ್ದ ಜೈಲು ಕೆಲವೇ ಗಂಟೆಗಳದ್ದು ಅಂತ 2006ರಲ್ಲಿ ಒಂದು ವೆಬ್‌ಸೈಟ್ ಪೊಲೀಸ್ ದಾಖಲೆ ಸಮೇತ ತೋರಿಸಿತು. ಪ್ರಕಾಶಕರು ಓದುಗರಿಗೆ ದುಡ್ಡು ವಾಪಸು ಕೊಡಲು ಒಪ್ಪಿದರು. ಕೇಳಿ ಬಂದವರು ಬರೀ 1,729 ಜನ. ಪುಸ್ತಕದ ಬೆಲೆ ಕೊಟ್ಟು ಓದಿದವರಲ್ಲಿ ಹೆಚ್ಚಿನವರಿಗೆ ತಾವು ಮೋಸ ಹೋದೆವು ಅನಿಸಲಿಲ್ಲವೋ ಏನೋ. ಅನಿಸಿದ್ದರೂ ರಸೀದಿ ಹುಡುಕುವಷ್ಟು ಅನಿಸಲಿಲ್ಲ.

ಕಾಯಿಲೆಯ ಸುಳ್ಳು ಬೇರೆ ಜಾತಿಯದು. 2001ರ ಮೇ ತಿಂಗಳಲ್ಲಿ ಕೇಸಿ ನಿಕೋಲ್ ಅನ್ನುವ ಹುಡುಗಿ ರಕ್ತದ ಕ್ಯಾನ್ಸರಿನ ಜೊತೆ ಹೋರಾಡಿ ಸತ್ತಳು ಅಂತ ಅವಳ ಆನ್‌ಲೈನ್ ದಿನಚರಿಯಲ್ಲಿ ಸುದ್ದಿ ಬಂತು. ಓದುಗರು ಹೂವು ಕಳಿಸಲು ವಿಳಾಸ ಹುಡುಕಿದರು. ಪತ್ರಿಕೆಯಲ್ಲಿ ಸಾವಿನ ಪ್ರಕಟಣೆ ಇಲ್ಲ, ಅಂತ್ಯಕ್ರಿಯೆಯ ಸುದ್ದಿ ಇಲ್ಲ. ಅಂಥ ಹುಡುಗಿಯೇ ಇರಲಿಲ್ಲ. ಕಾನ್ಸಸ್ ರಾಜ್ಯದ ಮಧ್ಯವಯಸ್ಸಿನ ಹೆಂಗಸೊಬ್ಬಳು ಎಲ್ಲವನ್ನೂ ಬರೆಯುತ್ತಿದ್ದಳು. ಮಾರ್ಕ್ ಫೆಲ್ಡ್‌ಮನ್ ಅನ್ನುವ ಮನೋವೈದ್ಯ ಇಂಥವರ ಬಗ್ಗೆ 2000ದಲ್ಲೇ ಬರೆದಿದ್ದರು. ಸಾಯುವ ಸ್ಥಿತಿಗೆ ಹೋಗಿ ಪವಾಡದ ಹಾಗೆ ಎದ್ದು ಬರುವುದು ಮತ್ತೆ ಮತ್ತೆ ಆಗುತ್ತದೆ. ಗುಂಪಿನಲ್ಲಿ ಬೇರೆಯವರ ಕಡೆ ಗಮನ ಹೋದಾಗಲೇ ಇವರಿಗೆ ಹೊಸ ಗಂಡಾಂತರ ಬರುತ್ತದೆ. ತಾಯಿ, ಗೆಳತಿ ಅಂತ ಬಂದು ಬರೆಯುವವರ ಭಾಷೆಯೂ ಇವರದೇ ಥರ ಇರುತ್ತದೆ. ಈ ಲಕ್ಷಣಗಳಲ್ಲಿ ಒಂದೇ ಒಂದು ಕಂಡರೆ ಏನೂ ಹೇಳಲಾಗದು, ಹಲವು ಸೇರಿದರೆ ಎಚ್ಚರ ಬೇಕು. ನಿಮ್ಮ ಲೇಖಕಿಯ ವಿಷಯದಲ್ಲಿ ಇವು ಯಾವುವನ್ನೂ ನೀವು ಬರೆದಿಲ್ಲ.

ಇನ್ನು ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವ ಪ್ರಕರಣ. ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ತನಗೆ ಮಿದುಳಿನ ಕ್ಯಾನ್ಸರ್, ವೈದ್ಯರು ಕೆಲವೇ ತಿಂಗಳು ಅಂದಿದ್ದರು, ಊಟದ ಪಥ್ಯದಿಂದಲೇ ಬದುಕಿದ್ದೇನೆ ಅಂತ ಇನ್‌ಸ್ಟಾಗ್ರಾಮಿನಲ್ಲಿ ಬರೆದಳು. 2013ರಲ್ಲಿ ಅಡುಗೆಯ ಆ್ಯಪ್ ಮಾಡಿದಳು, ಮಾರನೇ ವರ್ಷ ಪೆಂಗ್ವಿನ್ ಪ್ರಕಾಶನ ಆಕೆಯ ಪುಸ್ತಕ ತಂದಿತು. ಕ್ಯಾನ್ಸರ್ ಇದ್ದವಳು ಇಷ್ಟು ಲಕ್ಷಣವಾಗಿ ಹೇಗಿದ್ದಾಳೆ ಅಂತ ಹಲವರಿಗೆ ಅನಿಸಿತ್ತು. ಅದರಿಂದ ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಕ್ಯಾನ್ಸರ್ ರೋಗಿಯ ಮುಖ ಹೀಗೇ ಇರಬೇಕು ಅಂತ ಯಾರು ಹೇಳಲು ಸಾಧ್ಯ? ಕೊನೆಗೆ ಎಳೆ ಸಿಕ್ಕಿದ್ದು ದುಡ್ಡಿನಲ್ಲಿ. ಬಂದ ಹಣದಲ್ಲಿ ಇಂತಿಂಥ ಸೇವಾ ಸಂಸ್ಥೆಗಳಿಗೆ ಕೊಡುತ್ತೇನೆ ಅಂತ ಆಕೆ ಹೆಸರು ಹೇಳಿದ್ದಳು. 2015ರ ಮಾರ್ಚಿನಲ್ಲಿ ಮೆಲ್ಬರ್ನಿನ 'ದಿ ಏಜ್' ಪತ್ರಿಕೆಯ ಇಬ್ಬರು ವರದಿಗಾರರು ಆ ಸಂಸ್ಥೆಗಳಿಗೇ ಫೋನು ಮಾಡಿ, ನಿಮಗೆ ದುಡ್ಡು ಬಂತಾ ಅಂತ ಕೇಳಿದರು. ಬಂದಿರಲಿಲ್ಲ. ಒಂದು ಇಟ್ಟಿಗೆ ಕಿತ್ತ ಮೇಲೆ ಗೋಡೆ ಪೂರ್ತಿ ಬಿತ್ತು. ಏಪ್ರಿಲ್‌ನಲ್ಲಿ ಆಕೆಯೇ ಪತ್ರಿಕೆಯೊಂದಕ್ಕೆ, ಯಾವುದೂ ನಿಜವಲ್ಲ ಅಂದಳು. 2017ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ವರದಿಗಾರರು ಮಾಡಿದ್ದನ್ನು ಗಮನಿಸಿ. ಅವರು ಆಕೆಯ ಹತ್ತಿರ ಸ್ಕ್ಯಾನ್ ತೋರಿಸು ಅನ್ನಲಿಲ್ಲ. ಆಕೆಯ ಮಾತಿನಲ್ಲಿ ಮೂರನೆಯವರು ಹೌದು, ಅಲ್ಲ ಅಂತ ಹೇಳಬಹುದಾದ ಭಾಗ ಯಾವುದು ಅಂತ ನೋಡಿದರು. ಬ್ರಿಟನ್ನಿನಲ್ಲಿ 2025ರ ಜುಲೈನಲ್ಲಿ 'ದಿ ಸಾಲ್ಟ್ ಪಾತ್' ಅನ್ನುವ ನೆನಪಿನ ಪುಸ್ತಕದ ಬಗ್ಗೆಯೂ ಇಂಥದ್ದೇ ಚರ್ಚೆ ಎದ್ದಿತು. ಮನೆ ಕಳೆದುಕೊಂಡ ದಂಪತಿ ಸಮುದ್ರದಂಡೆ ಹಿಡಿದು ನಡೆದ ಕಥೆ ಅದು. ಗಂಡನಿಗೆ ವಾಸಿಯಾಗದ ನರರೋಗ. ಮನೆ ಹೋದ ಕಾರಣ ಪುಸ್ತಕದಲ್ಲಿ ಇರುವಂತಿಲ್ಲ, ಲೇಖಕಿ ಕೆಲಸ ಮಾಡುತ್ತಿದ್ದ ಕಡೆ ಹಣ ತೆಗೆದ ಆರೋಪ ಅದರ ಹಿಂದಿದೆ ಅಂತ 'ದಿ ಅಬ್ಸರ್ವರ್' ಪತ್ರಿಕೆ ಬರೆಯಿತು. ಲೇಖಕಿ ರೇನರ್ ವಿನ್ ಇದು ದಾರಿ ತಪ್ಪಿಸುವ ವರದಿ ಅಂದರು, ಗಂಡನ ಕಾಯಿಲೆಯ ಬಗ್ಗೆ ವೈದ್ಯರ ಪತ್ರಗಳನ್ನು ಹಾಕಿದರು. ಆ ಜಗಳದಲ್ಲಿ ನಾನು ತೀರ್ಪು ಕೊಡುವುದಿಲ್ಲ. ಆದರೆ ಅಂಥ ಕಾಯಿಲೆಯ ಗಂಡ ಇಷ್ಟು ವರ್ಷ ಹೇಗೆ ಬದುಕಿದ ಅನ್ನುವ ಪ್ರಶ್ನೆ, ಮನೆ ಹೇಗೆ ಹೋಯಿತು ಅನ್ನುವ ಪ್ರಶ್ನೆ ಎರಡಕ್ಕೂ ಒಂದೇ ತೂಕ ಇಲ್ಲ. ಎರಡನೆಯದಕ್ಕೆ ಕಾಗದಪತ್ರ ಇರುತ್ತದೆ, ಕಂಡವರು ಇರುತ್ತಾರೆ.

ನಿಮ್ಮ ಮೂರು ಸಾವಿರಕ್ಕೆ ಬರೋಣ. ಆಕೆ ಬರೀ ಕಥೆ ಬರೆದಿದ್ದರೆ ನಿಮಗೆ ಕೇಳುವ ಹಕ್ಕು ಕಡಿಮೆ. ಫೇಸ್‌ಬುಕ್ಕಿನಲ್ಲಿ ಬರೆಯುವವರು ಹೆಸರು ಬದಲಿಸುತ್ತಾರೆ, ಊರು ಬದಲಿಸುತ್ತಾರೆ, ಮೂರು ಘಟನೆಯನ್ನು ಒಂದು ಮಾಡುತ್ತಾರೆ. ಪುಸ್ತಕವಾದರೆ ಅದನ್ನು ಮೊದಲ ಪುಟದಲ್ಲಿ ಹೇಳಿ ಅಂತ ನಮ್ಮಂಥವರು ಹಟ ಹಿಡಿಯುತ್ತೇವೆ. ಕಂತಿಗೆ ಆ ಪುಟ ಇಲ್ಲ. ಆದರೆ ಯುಪಿಐ ನಂಬರ್ ಹಾಕಿದ ಕ್ಷಣ ವಿಷಯ ಬದಲಾಗುತ್ತದೆ. ಆಗ ಆಕೆ ಲೇಖಕಿ ಮಾತ್ರ ಅಲ್ಲ, ಚಂದಾ ಎತ್ತಿದವರು. ಗಣಪತಿ ಕೂರಿಸುವ ಹುಡುಗರೂ ಲೆಕ್ಕ ಬರೆದು ಬೋರ್ಡಿಗೆ ಅಂಟಿಸುತ್ತಾರೆ.

ಆಕೆಗೆ ಕಾಮೆಂಟಿನಲ್ಲಿ ಕೇಳಬೇಡಿ, ಅದು ಸಭೆಯಲ್ಲಿ ಕೇಳಿದ ಹಾಗೆ. ಖಾಸಗಿಯಾಗಿ ಬರೆಯಿರಿ. "ನಿಮ್ಮ ತಮ್ಮನಿಗೆ ಇಂಥ ದಿನ ಮೂರು ಸಾವಿರ ಕಳಿಸಿದ್ದೆ. ಈಗ ಹೇಗಿದ್ದಾರೆ? ಇನ್ನೂ ಸಹಾಯ ಬೇಕಿದ್ದರೆ ಆಸ್ಪತ್ರೆಯ ಹೆಸರು, ರೋಗಿಯ ನಂಬರ್ ಕೊಟ್ಟರೆ ನೇರವಾಗಿ ಅಲ್ಲಿಗೇ ಕಟ್ಟುತ್ತೇನೆ. ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಎಲ್ಲರಿಗೂ ಒಂದು ಸಾಲು ಬರೆದರೆ ಒಳ್ಳೆಯದು." ಇಷ್ಟು ಸಾಕು. ಶಾಲೆ, ಗಂಡ, ಸೀರೆ ಯಾವುದನ್ನೂ ಎತ್ತಬೇಡಿ. ನಿಜವಾಗಿ ಕಾಯಿಲೆ ಇರುವ ಮನೆಯವರಿಗೆ ಆಸ್ಪತ್ರೆಗೇ ದುಡ್ಡು ಕಟ್ಟುತ್ತೇನೆ ಅಂದರೆ ಸಾಮಾನ್ಯವಾಗಿ ಸಮಾಧಾನವೇ ಆಗುತ್ತದೆ.

ಒಂದು ಎಚ್ಚರ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ ಇದೆಯಲ್ಲ, ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆಯಲ್ಲ, ಮತ್ತೆ ದುಡ್ಡು ಯಾಕೆ ಅಂತ ನಿಮ್ಮ ಗೆಳತಿ ಹೇಳಬಹುದು. ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಮೂರು ಸಲ ಹೋಗಿ ಬರುವುದು. ಬಸ್ಸಿನ ಖರ್ಚು, ಹೊರಗೆ ಕೊಳ್ಳುವ ಔಷಧಿ, ಇಂಜೆಕ್ಷನ್, ಜೊತೆಗೆ ಹೋದವರ ಕೂಲಿ ನಷ್ಟ. ಯಂತ್ರ ಖಾಲಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಓಡುವವರೂ ಇದ್ದಾರೆ. ಯೋಜನೆ ಇದೆ ಅನ್ನುವುದು ಸುಳ್ಳಿಗೆ ಸಾಕ್ಷಿಯಲ್ಲ. ಯಾವ ಯೋಜನೆಯಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಕೇಳಬಹುದು, ಅಷ್ಟೇ.

ಊರಿಗೆ ಹೋಗುವ ಯೋಚನೆ ಮಾತ್ರ ಇವತ್ತೇ ಬಿಡಿ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದೆ ಅಂತ ಆಕೆ ಬರೆದಿದ್ದಾರೆ. ಅದು ನಿಜವಾಗಿದ್ದರೆ, ನೀವಿಬ್ಬರು ಆ ಊರಿನ ಅಂಗಡಿಯಲ್ಲಿ ನಿಂತು ಆಕೆಯ ಹೆಸರು ಹೇಳಿ ವಿಚಾರಿಸಿದರೆ ಏನಾಗುತ್ತದೆ? ಆಕೆ ಈಗ ಎಲ್ಲಿದ್ದಾಳೆ, ಏನು ಬರೆಯುತ್ತಿದ್ದಾಳೆ ಅನ್ನುವುದು ಸಂಜೆಯೊಳಗೆ ಆ ಗಂಡನಿಗೆ ತಲುಪುತ್ತದೆ. ನಿಮ್ಮ ಮೂರು ಸಾವಿರದ ಅನುಮಾನಕ್ಕೆ ಆಕೆ ಅಷ್ಟು ಬೆಲೆ ತೆರಬೇಕಾಗಿಲ್ಲ.

"ಈಕೆ ಮೋಸಗಾತಿ" ಅಂತ ಪೋಸ್ಟ್ ಹಾಕುವುದೂ ಬೇಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಸುಮ್ನೆ ಯಾಕೆ? ನಿಮ್ಮ ಹತ್ತಿರ ಇರುವುದು ಉತ್ತರ ಸಿಗದ ಪ್ರಶ್ನೆ, ಸಾಕ್ಷಿಯಲ್ಲ. ಅಭಿಮಾನಿಗಳ ಜೊತೆ ಜಗಳಕ್ಕೂ ಹೋಗಬೇಡಿ. ನೀವು ಒಂದು ಪ್ರಶ್ನೆ ಕೇಳಿದರೆ ಅವರಿಗೆ ತಾವು ಅತ್ತದ್ದೆಲ್ಲ ವ್ಯರ್ಥ ಅಂತ ಕೇಳಿಸುತ್ತದೆ. ಅದಕ್ಕೇ ಅಷ್ಟು ಕೋಪ.

ಆಕೆ ಉತ್ತರ ಕೊಟ್ಟು, ಆಸ್ಪತ್ರೆಯ ಹೆಸರು ಹೇಳಿದರೆ, ಅಲ್ಲಿನ ಬಿಲ್ಲಿಂಗ್ ಕೌಂಟರಿನಲ್ಲಿ ಆ ನಂಬರಿಗೆ ಹಣ ಕಟ್ಟಬಹುದೇ ಅಂತ ಮಾತ್ರ ಕೇಳಿ. ರೋಗಿಯ ವಿವರ ಕೆದಕಬೇಡಿ, ಅವರು ಹೇಳುವುದೂ ಇಲ್ಲ. ಉತ್ತರ ಬರದಿದ್ದರೆ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ಕೇಳಿ, ಆಸ್ಪತ್ರೆ ಓಡಾಟದಲ್ಲಿ ಮೆಸೇಜು ನೋಡದೆ ಇರಬಹುದು. ಆಮೇಲೂ ಮೌನವಾಗಿದ್ದು, ಅದೇ ನಂಬರ್ ಹಾಕಿ ಹೊಸ ಕಾಯಿಲೆ, ಹೊಸ ಮನವಿ ಬರುತ್ತಿದ್ದರೆ ದುಡ್ಡು ನಿಲ್ಲಿಸಿ. ಸ್ಕ್ರೀನ್‌ಶಾಟ್, ಹಣ ಹೋದ ದಾಖಲೆ ಇಟ್ಟುಕೊಳ್ಳಿ. ಬೇರೆಯವರಿಗೂ ಹೀಗೇ ಆಗಿದೆ ಅಂತ ಖಚಿತವಾದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು, ಇಲ್ಲವೇ ನಿಮ್ಮ ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೆ ಹೋಗಬಹುದು. ದೂರಿನಲ್ಲಿ ದುಡ್ಡಿನ ವಿಷಯ ಮಾತ್ರ ಇರಲಿ. ಆಕೆಯ ಬಾಲ್ಯ, ಮದುವೆ ನಿಜವೋ ಸುಳ್ಳೋ ಅನ್ನುವುದು ಅಲ್ಲಿಗೆ ಬೇಡ.

ಓದುವುದನ್ನು ಮುಂದುವರಿಸಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟವಾದರೆ ಓದಿ. ಹೋಟೆಲಿನಲ್ಲಿ ಲೋಟ ತೊಳೆದ ಕಂತು ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ. ಹಾಗೆ ಹೊಗಳಿದರೆ ಆಕೆಯ ಪ್ರತಿ ಮಾತಿಗೂ ನೀವು ಜಾಮೀನು ನಿಂತ ಹಾಗೆ ಆಗುವುದಿಲ್ಲ. ಮೂರು ಸಾವಿರದ ಲೆಕ್ಕ ಬಂದ ಮೇಲೆ ಏನಾಯಿತು ಅಂತ ನನಗೂ ಬರೆಯಿರಿ.